ಸಾಂಕ್ರಾಮಿಕದ ನಡುವೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್: ಯಾವ ವಾರ ನಿಂತರೂ ಆಡಿದ್ದು ಲೆಕ್ಕಕ್ಕೆ ಬರುವಂತೆ ಯೋಜಿಸುವುದು ಹೇಗೆ?

ಸೋಂಕಿನ ಸುದ್ದಿ ಮುಖಪುಟಕ್ಕೆ ಬಂದಾಗಲೆಲ್ಲ ಬೆಂಗಳೂರಿನ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು, ಕೋಚ್‌ಗಳು, ತಂಡದ ನಾಯಕರು ಕೇಳುವುದು ಒಂದೇ ಪ್ರಶ್ನೆ: ‘ಈ ವರ್ಷ ಟೂರ್ನಿ ಇಟ್ಟುಕೊಳ್ಳೋದಾ, ಬೇಡವಾ?’ ಇದಕ್ಕೆ ಜೂನ್ ತಿಂಗಳಲ್ಲಿ ಕೂತು ಯಾರೂ ಉತ್ತರ ಹೇಳಲಾರರು. ಕೇಳಿಕೊಳ್ಳಬೇಕಾದದ್ದು ಬೇರೆ: ಸೀಸನ್ ನಡುವೆ ನಿಂತುಹೋದರೆ, ಅಲ್ಲಿಯವರೆಗೆ ಮಕ್ಕಳು ಆಡಿದ್ದಕ್ಕೆ ಬೆಲೆ ಉಳಿಯುವಂತೆ ಅದನ್ನು ಹೇಗೆ ಕಟ್ಟಬೇಕು?

2020ರ ಮಾರ್ಚ್ ನೆನಪಿಸಿಕೊಳ್ಳಿ. 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಸಾಂಕ್ರಾಮಿಕ ಎಂದು ಕರೆಯಿತು. ಅದೇ ದಿನ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಪಂದ್ಯಗಳನ್ನು ನಿಲ್ಲಿಸಿತು. 12ರಂದು ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ರಾಷ್ಟ್ರೀಯ ಟೂರ್ನಿಯನ್ನೇ ರದ್ದು ಮಾಡಿತು. 13ರಂದು ಕರ್ನಾಟಕ ಸರ್ಕಾರ ವಿಶ್ವವಿದ್ಯಾಲಯ, ಕ್ರೀಡಾಕೂಟ ಎಲ್ಲಕ್ಕೂ ತಡೆ ಘೋಷಿಸಿತು. ಮೂರು ದಿನಗಳಲ್ಲಿ ಎಲ್ಲವೂ ಮುಗಿದಿತ್ತು. ಮುಂದಿನ ಸಲ ಸಿಗುವ ಮುನ್ಸೂಚನೆಯೂ ಇದಕ್ಕಿಂತ ಹೆಚ್ಚಿರುತ್ತದೆ ಎಂದುಕೊಳ್ಳಬೇಡಿ. ನಿಯಮಗಳೆಲ್ಲ ಮೊದಲ ಪಂದ್ಯಕ್ಕೂ ಮುನ್ನ ಕಾಗದದ ಮೇಲಿರಬೇಕು ಎನ್ನುವುದು ಇದಕ್ಕೇ.

ಕೈಯಲ್ಲಿ ಇರಬೇಕಾದವು: ವಿಶ್ವವಿದ್ಯಾಲಯದ ಶೈಕ್ಷಣಿಕ ವೇಳಾಪಟ್ಟಿ, ಭಾಗವಹಿಸುವ ಕಾಲೇಜುಗಳ ಒಪ್ಪಿಗೆ ಪತ್ರ, ಬಳಸಬಹುದಾದ ಕೋರ್ಟ್‌ಗಳ ಪಟ್ಟಿ (ಹೊರಾಂಗಣ, ಒಳಾಂಗಣ ಬೇರೆ ಬೇರೆಯಾಗಿ), ಫೋನಿಗೆ ಸಿಗುವ ಒಬ್ಬ ವೈದ್ಯರು, ಪ್ರತಿ ಕಾಲೇಜಿನಿಂದ ಒಬ್ಬ ಆರೋಗ್ಯ ಸಂಯೋಜಕ. ಈ ಸಂಯೋಜಕ ಕೋಚ್ ಆಗಿರಬಾರದು. ನಾಳೆಯ ಪಂದ್ಯ ಗೆಲ್ಲಬೇಕಾದವರ ಕೈಗೆ ‘ಈ ಹುಡುಗನಿಗೆ ಜ್ವರ ಇದೆಯಾ?’ ಎಂಬ ತೀರ್ಮಾನ ಕೊಡುವುದು ಅವರಿಗೂ ಕಷ್ಟ, ಹುಡುಗನಿಗೂ ಕಷ್ಟ.

ಹಂತ 1: ರೋಗದ ಮೂರು ಅಂಕಿಗಳನ್ನು ಬರೆದುಕೊಳ್ಳಿ

ಎಲ್ಲ ಸಾಂಕ್ರಾಮಿಕಕ್ಕೂ ‘14 ದಿನ’ ಎಂಬ ಲೆಕ್ಕ ಹೊಂದುವುದಿಲ್ಲ. ವೈದ್ಯರನ್ನು ಕೇಳಿ ಮೂರು ಅಂಕಿ ಪಡೆಯಿರಿ. ಒಂದು, ಸೋಂಕು ತಗುಲಿದ ಎಷ್ಟು ದಿನಕ್ಕೆ ಲಕ್ಷಣ ಕಾಣುತ್ತದೆ. ಇದನ್ನು ಕಾವು ಅವಧಿ ಎನ್ನುತ್ತಾರೆ. ಎರಡು, ಸೋಂಕಿತರು ಎಷ್ಟು ದಿನ ಇನ್ನೊಬ್ಬರಿಗೆ ಹರಡಬಲ್ಲರು. ಮೂರು, ಲಕ್ಷಣ ಕಾಣುವ ಮೊದಲೇ ಹರಡುತ್ತದೆಯೇ, ಹಾಗಿದ್ದರೆ ಎಷ್ಟು ದಿನ ಮೊದಲು.

ಫ್ಲೂ ಜ್ವರಕ್ಕೆ ಕಾವು ಅವಧಿ 1ರಿಂದ 4 ದಿನ. ಕೋವಿಡ್‌ನ ಮೊದಲ ತಳಿಗೆ ಸರಾಸರಿ 5 ದಿನ, ಕೆಲವರಲ್ಲಿ 14ರವರೆಗೆ. ಒಮೈಕ್ರಾನ್ ಬಂದಾಗ ಅದು ಸುಮಾರು 3 ದಿನಕ್ಕೆ ಇಳಿಯಿತು. ಒಂದೇ ರೋಗ, ಎರಡೇ ವರ್ಷದಲ್ಲಿ ಇಷ್ಟು ಬದಲಾವಣೆ! ಪಂದ್ಯಗಳ ನಡುವಿನ ಅಂತರ, ತಂಡ ಹೊರಗುಳಿಯಬೇಕಾದ ದಿನಗಳು, ಸೋಂಕು ಪರೀಕ್ಷೆಯ ದಿನ ಎಲ್ಲವೂ ಈ ಅಂಕಿಗಳ ಮೇಲೇ ನಿಲ್ಲುವುದರಿಂದ, ನಿಮ್ಮ ನಿಯಮಾವಳಿಯಲ್ಲಿ ದಿನಗಳ ಸಂಖ್ಯೆಯನ್ನು ಎಲ್ಲ ಕಡೆ ತುಂಬಬೇಡಿ. ಕೊನೆಯಲ್ಲಿ ಒಂದು ಕೋಷ್ಟಕ ಇಟ್ಟು, ಅದನ್ನು ಮಾತ್ರ ತಿದ್ದುವಂತೆ ಬರೆಯಿರಿ.

ಹಂತ 2: ಆದೇಶ ಓದುವವರು ಯಾರು, ನಿಲ್ಲಿಸುವವರು ಯಾರು

ಕೋವಿಡ್ ಕಾಲದಲ್ಲಿ ರಾಜ್ಯದ ನಿರ್ಬಂಧಗಳು ವಿಪತ್ತು ನಿರ್ವಹಣಾ ಕಾಯ್ದೆ 2005ರ ಅಡಿ, ಮುಖ್ಯ ಕಾರ್ಯದರ್ಶಿಯವರ ಆದೇಶಗಳಾಗಿ ಹೊರಬಂದವು. ಇಂಥ ಆದೇಶದಲ್ಲಿ ‘ಕ್ರೀಡೆ’ ಎಂಬ ಪದ ಹುಡುಕಿ ಬಿಟ್ಟುಬಿಟ್ಟರೆ ಸಾಲದು. ಒಳಾಂಗಣ ಕ್ರೀಡಾಂಗಣ, ಸಭೆ-ಸಮಾರಂಭ, ಉನ್ನತ ಶಿಕ್ಷಣ ಸಂಸ್ಥೆ, ಹಾಸ್ಟೆಲ್, ಅಂತರರಾಜ್ಯ ಪ್ರಯಾಣ, ಕರ್ಫ್ಯೂ ವೇಳೆ ಈ ಆರೂ ಕಡೆ ಕಣ್ಣು ಹಾಯಿಸಿ. ತರಬೇತಿಗೆ ಅನುಮತಿ ಇದ್ದು ಪ್ರೇಕ್ಷಕರಿಗೆ ಇರದಿರಬಹುದು. ಆಟಕ್ಕೆ ಅನುಮತಿ ಇದ್ದೂ ಹಾಸ್ಟೆಲ್ ಮುಚ್ಚಿದ್ದರೆ ಹೊರ ಜಿಲ್ಲೆಯ ಆಟಗಾರರು ಇರುವುದೇ ಇಲ್ಲ.

ವಾರಾಂತ್ಯಕ್ಕೆ ಮಾತ್ರ ಪಂದ್ಯ ಇಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಕರ್ನಾಟಕದಲ್ಲಿ 2021ರ ಡಿಸೆಂಬರ್ 28ರಿಂದ ರಾತ್ರಿ 10ರಿಂದ ಬೆಳಗಿನ 5ರವರೆಗೆ ಕರ್ಫ್ಯೂ ಇತ್ತು. ಮರು ತಿಂಗಳು ವಾರಾಂತ್ಯ ಕರ್ಫ್ಯೂ ಬಂತು. ಶನಿವಾರ-ಭಾನುವಾರ ನಂಬಿಕೊಂಡ ಯಾವ ಟೂರ್ನಿಯೂ ಆ ಕರ್ಫ್ಯೂ ಇದ್ದ ವಾರಗಳಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ವಾರದ ಮಧ್ಯೆ ಒಂದು ಬೆಳಗ್ಗೆಯನ್ನಾದರೂ ಪ್ರಾಂಶುಪಾಲರಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳಿ.

ಹಾಗೆಯೇ ದೊಡ್ಡ ಕ್ರೀಡಾಂಗಣಗಳ ಮೇಲೆ ಪೂರ್ತಿ ಭಾರ ಹಾಕಬೇಡಿ. 2020ರಲ್ಲಿ ಕೋರಮಂಗಲದ ಒಳಾಂಗಣ ಕ್ರೀಡಾಂಗಣ ಕೋವಿಡ್ ಆರೈಕೆ ಕೇಂದ್ರವಾಯಿತು. ಅಂಥ ಹೊತ್ತಿನಲ್ಲಿ ಆ ಜಾಗದ ಅಗತ್ಯ ಆಟಕ್ಕಿಂತ ದೊಡ್ಡದು, ಅದನ್ನು ಪ್ರಶ್ನಿಸುವಂತಿಲ್ಲ. ಫೈನಲ್‌ಗೆ ಕೂಡ ಒಂದು ಕಾಲೇಜಿನ ಕೋರ್ಟ್ ಬದಲಿ ಜಾಗವಾಗಿ ಇರಲಿ.

ಇನ್ನು ನಿಲ್ಲಿಸುವ ಅಧಿಕಾರ. ಮೂವರ ಸಮಿತಿ ಸಾಕು: ಒಬ್ಬ ವೈದ್ಯರು, ಆತಿಥೇಯ ಕಾಲೇಜಿನ ಪ್ರತಿನಿಧಿ, ಟೂರ್ನಿ ಕಾರ್ಯದರ್ಶಿ. ಇಬ್ಬರು ಒಪ್ಪಿದರೆ ಪಂದ್ಯ ನಿಲ್ಲುತ್ತದೆ. ವೈದ್ಯರೊಬ್ಬರೇ ‘ಬೇಡ’ ಎಂದರೂ ನಿಲ್ಲುತ್ತದೆ. ಯಾವ ಸ್ಥಿತಿಯಲ್ಲಿ ಏನು ಮಾಡುವುದು ಎಂಬುದನ್ನು ಮೊದಲೇ ಬರೆದಿಡಿ. ಉದಾಹರಣೆಗೆ: ಒಂದು ತಂಡದಲ್ಲಿ ಒಬ್ಬರಿಗೆ ಸೋಂಕು ಬಂದರೆ ಆತ ಮತ್ತು ಆತನ ಅಭ್ಯಾಸದ ಗುಂಪು ಹೊರಗೆ, ಐದು ದಿನದೊಳಗೆ ಮೂವರಿಗೆ ಬಂದರೆ ಇಡೀ ತಂಡಕ್ಕೆ ವಿರಾಮ, ಒಂದೇ ವಲಯದ (ತಮ್ಮತಮ್ಮಲ್ಲೇ ಆಡುವ ತಂಡಗಳ ಗುಂಪು, ಹಂತ 4 ನೋಡಿ) ಎರಡು ತಂಡಗಳಿಗೆ ವಿರಾಮ ಬಂದರೆ ಆ ವಲಯದ ಪಂದ್ಯಗಳೇ ಮುಂದಕ್ಕೆ. ಈ ಅಂಕಿಗಳು ಆರಂಭದ ಅಂದಾಜು. ನಿಮ್ಮ ವೈದ್ಯರು ತಿದ್ದಲಿ. ಪಂದ್ಯದ ದಿನ ಬೆಳಗ್ಗೆ ಫೋನಿನಲ್ಲಿ ವಾದ ಮಾಡುತ್ತಾ ಕೂರುವ ಸ್ಥಿತಿ ಬಾರದಿದ್ದರೆ ಸಾಕು.

ಹಂತ 3: ಕ್ಯಾಲೆಂಡರನ್ನು ಹಿಂದಿನಿಂದ ಕಟ್ಟಿ

ಮೊದಲು ಸೆಮಿಸ್ಟರ್ ಪರೀಕ್ಷೆಯ ದಿನ ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಪರೀಕ್ಷೆಗೆ ಮುಂಚಿನ ಎರಡು ವಾರ ಮುಟ್ಟಬೇಡಿ. ಲಾಕ್‌ಡೌನ್ ಮುಗಿದು ಕಾಲೇಜು ತೆರೆದ ಮೇಲೆ ಇಂಟರ್ನಲ್ಸ್, ಲ್ಯಾಬ್, ಬಾಕಿ ತರಗತಿ ಎಲ್ಲ ಒಟ್ಟಿಗೆ ಬೀಳುತ್ತವೆ. ಆ ಹೊತ್ತಿಗೆ ಹಾಜರಾತಿ ಕೊರತೆ ಇರುವ ಆಟಗಾರರಿಗೆ ಓಡಿ ಪತ್ರ, ಅಂದರೆ ಆಟದ ಕಾರಣಕ್ಕೆ ತರಗತಿ ತಪ್ಪಿದ ದಿನವನ್ನು ಹಾಜರಿಯೆಂದು ಪರಿಗಣಿಸುವ ಪತ್ರ, ಎಲ್ಲ ವಿಭಾಗಗಳಲ್ಲೂ ಸಲೀಸಾಗಿ ಸಿಗುವುದಿಲ್ಲ.

15 ವಾರ ಸಿಕ್ಕರೆ ಹೀಗೆ ಹಂಚಬಹುದು: ಮೊದಲ 4 ವಾರ ಮೈ ಹದಗೊಳಿಸುವ ತಯಾರಿ, 3 ವಾರ ಮೊದಲ ಸುತ್ತು, 1 ವಾರ ಖಾಲಿ, 3 ವಾರ ಎರಡನೇ ಸುತ್ತು, 1 ವಾರ ಖಾಲಿ, 1 ವಾರ ಸೆಮಿಫೈನಲ್ ಮತ್ತು ಫೈನಲ್, 2 ವಾರ ಓದಿಗೆ. ಖಾಲಿ ವಾರಗಳನ್ನು ಕಂಡ ತಕ್ಷಣ ಯಾರೋ ಒಬ್ಬರು ‘ಇಲ್ಲೊಂದು ಆಹ್ವಾನಿತ ಪಂದ್ಯಾವಳಿ ಇಡೋಣ’ ಎನ್ನುತ್ತಾರೆ. ಒಪ್ಪಬೇಡಿ. ಮುಂದೂಡಿದ ಪಂದ್ಯಕ್ಕೆ ಅದೇ ಜಾಗ.

ಬೆಂಗಳೂರಿನ ಮಳೆಯನ್ನೂ ಇದೇ ಹಾಳೆಯ ಮೇಲೆ ಬರೆಯಿರಿ. ಏಪ್ರಿಲ್-ಮೇ ಸಂಜೆಯ ಗುಡುಗು ಮಳೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಜೋರು ಮಳೆ ಎರಡೂ ಹೆಚ್ಚಾಗಿ ಮಧ್ಯಾಹ್ನದ ನಂತರದವು. ಸಿಮೆಂಟ್ ಕೋರ್ಟ್‌ಗೆ ಬೆಳಗ್ಗೆ 6:30ರಿಂದ 9:30ರ ವೇಳೆಯೇ ಸುರಕ್ಷಿತ. ರಬ್ಬರ್ ವೈಪರ್ ನಾಲ್ಕು, ಸ್ಪಂಜು, ಒಣ ಗೋಣಿಚೀಲ ಕೋರ್ಟ್ ಪಕ್ಕದಲ್ಲೇ ಇರಲಿ, ಒಣಗಿಸಲು ಮುಕ್ಕಾಲು ಗಂಟೆ ಬೇಕು. ಬಣ್ಣ ಬಳಿದ ಗೆರೆಗಳ ಮೇಲೆ ತೇವ ಕೊನೆಯವರೆಗೂ ಉಳಿಯುತ್ತದೆ. ಫ್ರೀ ಥ್ರೋ ಗೆರೆಯ ಮೇಲೆ ಅಂಗೈ ಒತ್ತಿ ನೋಡಿ, ಒದ್ದೆ ಹತ್ತಿದರೆ ಆಟ ಬೇಡ.

ಹಂತ 4: ಫಿಕ್ಸ್ಚರ್ (ಯಾರು ಯಾರ ಜೊತೆ ಆಡುತ್ತಾರೆಂಬ ಪಟ್ಟಿ) — ಇಲ್ಲೇ ಸೀಸನ್ ಉಳಿಯುವುದು ಅಥವಾ ಮುಳುಗುವುದು

12 ಕಾಲೇಜು ತಂಡಗಳಿವೆ ಎಂದುಕೊಳ್ಳಿ. ಎಲ್ಲರೂ ಎಲ್ಲರ ಜೊತೆ ಆಡಿದರೆ 66 ಪಂದ್ಯ, 11 ಸುತ್ತು. ಸಾಂಕ್ರಾಮಿಕದ ವರ್ಷದಲ್ಲಿ ಇದು ಬೇಡವೇ ಬೇಡ: ಒಂದು ತಂಡಕ್ಕೆ ಸೋಂಕು ಬಂದರೆ ಉಳಿದ 11 ತಂಡಗಳ ಪಟ್ಟಿಯೂ ಕದಡುತ್ತದೆ, 7ನೇ ಸುತ್ತಿನಲ್ಲಿ ನಿಂತರೆ ಯಾರು ಮುಂದಿದ್ದಾರೆಂದು ಹೇಳಲು ನ್ಯಾಯವಾದ ದಾರಿ ಇರುವುದಿಲ್ಲ. ನೇರ ನಾಕೌಟ್ ಇಟ್ಟರೆ 11 ಪಂದ್ಯಕ್ಕೆ ಮುಗಿಯುತ್ತದೆ ನಿಜ, ಆದರೆ ವರ್ಷವಿಡೀ ಬೆವರು ಹರಿಸಿದ ಹುಡುಗಿಗೆ ಒಂದೇ ಪಂದ್ಯ ಸಿಕ್ಕರೆ ಏನು ಬಂತು?

ಇವೆರಡರ ನಡುವಿನ ದಾರಿ: ನಾಲ್ಕು ತಂಡಗಳ ಮೂರು ವಲಯ. ಪ್ರತಿ ವಲಯದಲ್ಲಿ ಒಬ್ಬರ ಜೊತೆ ಒಬ್ಬರು ಎರಡು ಸಲ ಆಡುತ್ತಾರೆ. ಮೊದಲ ಸುತ್ತಿಗೆ ವಲಯಕ್ಕೆ 6 ಪಂದ್ಯ, ಎರಡು ಸುತ್ತಿಗೆ 12. ಮೂರು ವಲಯ ಸೇರಿ 36. ಮೂವರು ವಲಯ ವಿಜೇತರು ಮತ್ತು ಎರಡನೇ ಸ್ಥಾನದಲ್ಲಿ ಅತ್ಯುತ್ತಮ ತಂಡ ಸೆಮಿಫೈನಲ್‌ಗೆ. ಒಟ್ಟು 39 ಪಂದ್ಯ. ಪ್ರತಿ ತಂಡಕ್ಕೆ ಕನಿಷ್ಠ 6 ಪಂದ್ಯ ಸಿಗುತ್ತದೆ, ಎದುರಾಳಿಗಳು ಮಾತ್ರ ಮೂವರೇ. ಸೋಂಕು ಬಂದರೂ ವಲಯದ ಹೊರಗೆ ಹೋಗುವ ದಾರಿ ಇಲ್ಲ.

ಈ ಮಾದರಿಯ ನಿಜವಾದ ಬಲ ಮೊದಲ ಸುತ್ತಿನಲ್ಲಿದೆ. ಪಂದ್ಯಗಳು ಶುರುವಾದ ಮೂರನೇ ವಾರದ ಕೊನೆಗೆ ವಲಯದ ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರು ಒಂದು ಸಲ ಆಡಿ ಮುಗಿಸಿರುತ್ತಾರೆ. ಅಂದು ರಾತ್ರಿಯೇ ಲಾಕ್‌ಡೌನ್ ಬಂದರೂ ವಲಯದ ಪಟ್ಟಿ ಪೂರ್ಣ, ವಲಯ ವಿಜೇತರ ಘೋಷಣೆಗೆ ಯಾರ ತಕರಾರೂ ಇರುವುದಿಲ್ಲ. ‘ಎರಡನೇ ಸುತ್ತು ಪೂರ್ಣವಾಗದಿದ್ದರೆ ಮೊದಲ ಸುತ್ತಿನ ಪಟ್ಟಿಯೇ ಅಂತಿಮ’ ಎಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಹಾಕಿ.

ವಲಯ ಮಾಡುವಾಗ ತಂಡಗಳ ಬಲಕ್ಕಿಂತ ದಾರಿ ನೋಡಿ. ಯಲಹಂಕ-ಹೆಬ್ಬಾಳ ಕಡೆಯವರು ಒಂದು, ಮಲ್ಲೇಶ್ವರ-ರಾಜಾಜಿನಗರ ಸುತ್ತಿನವರು ಒಂದು, ಬಸವನಗುಡಿ-ಜಯನಗರ-ಬನಶಂಕರಿಯವರು ಒಂದು. ಹೀಗೆ ಮಾಡಿದರೆ ಬಲಶಾಲಿ ತಂಡಗಳು ಒಂದೇ ವಲಯಕ್ಕೆ ಬೀಳಬಹುದು, ಆಕ್ಷೇಪವೂ ಬರುತ್ತದೆ. ಅದಕ್ಕೇ ಎರಡನೇ ಸ್ಥಾನದ ಒಂದು ತಂಡಕ್ಕೂ ಅವಕಾಶ ಇಟ್ಟಿರುವುದು.

ಅಂಕ ಕೊಡುವ ಬಗೆ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾ ನಿಯಮದಲ್ಲಿ ಗೆಲುವಿಗೆ 2, ಸೋಲಿಗೆ 1 ಅಂಕ. ನಿಗದಿತ ವೇಳೆಯಾಗಿ 15 ನಿಮಿಷ ಕಳೆದರೂ ತಂಡ ಬಾರದಿದ್ದರೆ ಅಥವಾ ಐವರು ಆಟಗಾರರನ್ನು ಇಳಿಸಲಾಗದಿದ್ದರೆ ಎದುರಾಳಿಗೆ 20-0 ಗೆಲುವು, ತಪ್ಪಿದ ತಂಡಕ್ಕೆ ಸೊನ್ನೆ ಅಂಕ. ನಾವು ವಾಕೋವರ್ ಅನ್ನುವುದು ಇದನ್ನೇ. ಸೋಂಕಿನಿಂದ ತಪ್ಪಿದ ಪಂದ್ಯಕ್ಕೆ ಈ ನಿಯಮ ಹಚ್ಚಬೇಡಿ. ಯಾಕೆಂದರೆ ಜ್ವರ ಹೇಳಿಕೊಂಡರೆ ತಂಡಕ್ಕೆ 20-0 ಸೋಲು ಎಂದು ಗೊತ್ತಾದ ಹುಡುಗ ಒಂದು ಪ್ಯಾರಾಸಿಟಮಾಲ್ ನುಂಗಿ ಸುಮ್ಮನೆ ಕೋರ್ಟಿಗೆ ಇಳಿಯುತ್ತಾನೆ. ರೋಗ ಮುಚ್ಚಿಡಲು ನಿಮ್ಮ ನಿಯಮವೇ ಕಾರಣವಾಗಬಾರದು.

ಬದಲಿಗೆ ‘ಆಡದ ಪಂದ್ಯ’ ಎಂದು ದಾಖಲಿಸಿ, ಇಬ್ಬರಿಗೂ ಅಂಕವಿಲ್ಲ. ಮೊದಲು ಖಾಲಿ ವಾರದಲ್ಲಿ ಆಡಿಸಲು ನೋಡಿ, ಆಗದಿದ್ದರೆ ಬಿಟ್ಟುಬಿಡಿ. ಆಗ ತಂಡಗಳು ಆಡಿದ ಪಂದ್ಯಗಳ ಸಂಖ್ಯೆ ಬೇರೆ ಬೇರೆಯಾಗುವುದರಿಂದ ಒಟ್ಟು ಅಂಕದ ಬದಲು ಗೆಲುವಿನ ಪ್ರಮಾಣ ನೋಡಬೇಕು. 6ರಲ್ಲಿ 4 ಗೆದ್ದ ತಂಡ 0.667, 4ರಲ್ಲಿ 3 ಗೆದ್ದ ತಂಡ 0.750, ಎರಡನೆಯದು ಮೇಲೆ. ಸಮನಾದರೆ ಅವರಿಬ್ಬರ ನಡುವಿನ ಪಂದ್ಯದ ಫಲಿತಾಂಶ, ಬೇರೆ ವಲಯದವರಾದರೆ ಪ್ರತಿ ಪಂದ್ಯಕ್ಕೆ ಸರಾಸರಿ ಅಂಕ ವ್ಯತ್ಯಾಸ. ಒಂದೇ ಪಂದ್ಯ ಗೆದ್ದು ನೂರಕ್ಕೆ ನೂರು ಎಂದು ಕೂರದಂತೆ ಕನಿಷ್ಠ ಪಂದ್ಯಗಳ ಮಿತಿ ಬೇಕು; ಎರಡೂ ಸುತ್ತು ನಡೆದರೆ 6ರಲ್ಲಿ 4 ಇರಲಿ. 2020-21ರ ಸೀಸನ್‌ನಲ್ಲಿ ಎನ್‌ಸಿಎಎ ರಾಷ್ಟ್ರೀಯ ಟೂರ್ನಿಯ ಪರಿಗಣನೆಗೆ ಕನಿಷ್ಠ 13 ಪಂದ್ಯ ಎಂಬ ಮಿತಿ ಇಟ್ಟಿತ್ತು.

ಸುಳ್ಳು ಜ್ವರದ ನೆಪ ಹೇಳಿ ಪಂದ್ಯ ತಪ್ಪಿಸಿಕೊಳ್ಳುವವರಿದ್ದರೆ? ಪರೀಕ್ಷಾ ವರದಿಯನ್ನು ಟೂರ್ನಿಯ ವೈದ್ಯರಿಗೆ ತೋರಿಸಲಿ. ಎದುರಾಳಿ ಕಾಲೇಜಿಗಲ್ಲ, ವಾಟ್ಸ್‌ಆ್ಯಪ್ ಗುಂಪಿಗಂತೂ ಅಲ್ಲವೇ ಅಲ್ಲ.

ನಾಕೌಟ್ ಹಂತಕ್ಕೆ ಬೇರೆ ನಿಯಮ ಬೇಕು, ಅಲ್ಲಿ ಕಾಯಲು ದಿನಗಳಿಲ್ಲ. 2021ರ ಮಾರ್ಚ್‌ನಲ್ಲಿ ಎನ್‌ಸಿಎಎ ಪುರುಷರ ಟೂರ್ನಿಯ 68 ತಂಡಗಳನ್ನೂ ಇಂಡಿಯಾನಾ ಎಂಬ ಒಂದೇ ರಾಜ್ಯಕ್ಕೆ ಕರೆಸಿ ಆಡಿಸಿದರು. ಅಲ್ಲಿಗೆ ಬರುವ ಮುನ್ನ ಸತತ ಏಳು ದಿನ ನೆಗೆಟಿವ್ ಬಂದಿರಬೇಕಿತ್ತು. ಅಷ್ಟಾದರೂ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ (ವಿಸಿಯು) ತಂಡದಲ್ಲಿ ಸೋಂಕು ಕಂಡು ಒರೆಗಾನ್ ಎದುರಿನ ಪಂದ್ಯ ನಡೆಯಲಿಲ್ಲ. ಅದನ್ನು ‘ಆಡದ ಪಂದ್ಯ’ ಎಂದು ದಾಖಲಿಸಿ ಒರೆಗಾನ್ ತಂಡವನ್ನು ಮುಂದಿನ ಸುತ್ತಿಗೆ ಕಳಿಸಿದರು. ನಿಮ್ಮಲ್ಲಿಯೂ ಹೀಗೇ ಮಾಡಿ: ಸೋಲು ಎಂದು ಬರೆಯಬೇಡಿ, ಎದುರಾಳಿ ಮುಂದಕ್ಕೆ ಹೋಗಲಿ. ಸೆಮಿಫೈನಲ್‌ಗೆ 48 ಗಂಟೆ ಮೊದಲೇ ಗೊತ್ತಾದರೆ ಅದೇ ವಲಯದ ಮುಂದಿನ ತಂಡವನ್ನು ಕರೆಯಬಹುದು.

ಹಂತ 5: ತಂಡ, ಅಭ್ಯಾಸದ ಗುಂಪು

ಸ್ಕೋರ್‌ಶೀಟಿನಲ್ಲಿ ಹೆಸರು ಬರುವುದು 12 ಮಂದಿಯದು. ನೋಂದಣಿ ಮಾತ್ರ 16ರಿಂದ 18 ಜನರಿಗೆ ಮಾಡಿಸಿ. ಪಂದ್ಯದ ವಾರ ಬಿಟ್ಟು ಉಳಿದ ಕಾಲದಲ್ಲಿ ಆರಾರು ಜನರ ಮೂರು ಗುಂಪು, ಬೇರೆ ಬೇರೆ ವೇಳೆ. ಆರು ಜನಕ್ಕೆ ಮೂರು-ಮೂರು ಅರ್ಧ ಕೋರ್ಟ್ ಆಟ ಸರಿಯಾಗಿ ಬರುತ್ತದೆ, ರಕ್ಷಣೆಯ ಅಭ್ಯಾಸಕ್ಕೂ ಕೊರತೆಯಿಲ್ಲ.

ಗುಂಪು ಹಂಚುವಾಗ ಕೋಚ್‌ಗಳು ಮೊದಲ ಐವರನ್ನು ಒಂದೇ ಗುಂಪಿಗೆ ಹಾಕಲು ನೋಡುತ್ತಾರೆ, ಹೊಂದಾಣಿಕೆ ಬರಲಿ ಎಂದು. ಒಬ್ಬರಿಗೆ ಕೆಮ್ಮು ಬಂದರೆ ಐವರೂ ಹೋದರು! ಚೆಂಡು ಒಯ್ಯುವ ಪಾಯಿಂಟ್ ಗಾರ್ಡ್‌ಗಳು ಇಬ್ಬರಿದ್ದರೆ ಇಬ್ಬರೂ ಬೇರೆ ಗುಂಪಿನಲ್ಲಿರಲಿ, ಎತ್ತರದ ಆಟಗಾರರೂ ಹಾಗೆಯೇ. ಒಂದೇ ಹಾಸ್ಟೆಲ್ ಕೋಣೆಯವರು, ಒಂದೇ ಬೈಕಿನಲ್ಲಿ ಬರುವವರು ಮಾತ್ರ ಒಂದೇ ಗುಂಪಿಗೆ, ಏಕೆಂದರೆ ಅವರು ಹೇಗಿದ್ದರೂ ಒಟ್ಟಿಗಿರುತ್ತಾರೆ.

ಪಿಯು ಆಟಗಾರರು ತಂಡದಲ್ಲಿದ್ದರೆ ಪೋಷಕರ ಸಹಿಯ ಒಪ್ಪಿಗೆ ಕಡ್ಡಾಯ. ಮನೆಯಲ್ಲಿ ಅಜ್ಜ-ಅಜ್ಜಿ, ಕಿಮೊಥೆರಪಿ ಅಥವಾ ಡಯಾಲಿಸಿಸ್‌ನಲ್ಲಿರುವವರು ಇದ್ದಾರೆಯೇ ಎಂದು ಆ ಅರ್ಜಿಯಲ್ಲೇ ಕೇಳಿ. ‘ಈ ವರ್ಷ ಆಡಲ್ಲ ಸರ್’ ಎನ್ನುವ ಮಕ್ಕಳಿಗೆ ಮುಂದಿನ ವರ್ಷ ಆಯ್ಕೆಯಲ್ಲಿ ತೊಂದರೆಯಾಗದು ಎಂದೂ ಅಲ್ಲೇ ಬರೆದುಕೊಡಿ.

ಹಂತ 6: ಗಾಳಿ, ವ್ಯಾನು, ಸ್ಕೋರರ್ ಮೇಜು

ಉಸಿರಿನಿಂದ ಹರಡುವ ರೋಗಕ್ಕೆ ಮೊದಲ ಖರ್ಚು ಗಾಳಿಯ ಮೇಲೆ ಆಗಬೇಕು. ಕೋರ್ಟ್‌ಗೆ, ಕುರ್ಚಿಗೆ, ಜನರ ಮೇಲೆ ಔಷಧ ಸಿಂಪಡಿಸುವುದರಲ್ಲಿ ಹಣ ಕಳೆಯಬೇಡಿ. ಜನರ ಮೇಲೆ ಸೋಂಕುನಾಶಕ ಸಿಂಪಡಿಸುವುದು ಹಾನಿಕರ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿತ್ತು. ಕೈ ತೊಳೆಯಲು ಸೋಪು-ನೀರು, ಪ್ರತಿಯೊಬ್ಬರಿಗೆ ಹೆಸರು ಬರೆದ ಬಾಟಲಿ, ಸ್ವಂತ ಟವೆಲ್ ಇದ್ದರೆ ಆ ಭಾಗ ಮುಗಿಯಿತು.

ನಮ್ಮ ಬಹುತೇಕ ಕಾಲೇಜುಗಳಲ್ಲಿ ಇರುವುದು ತೆರೆದ ಸಿಮೆಂಟ್ ಕೋರ್ಟ್. ಇದುವರೆಗೆ ಕೊರತೆ ಎನಿಸಿದ್ದು ಇಂಥ ವರ್ಷದಲ್ಲಿ ದೊಡ್ಡ ಅನುಕೂಲ. ವಲಯದ ಪಂದ್ಯಗಳೆಲ್ಲ ಹೊರಗೇ ಆಗಲಿ. ಒಳಾಂಗಣ ಅನಿವಾರ್ಯವಾದರೆ ಇಂಗಾಲದ ಡೈಆಕ್ಸೈಡ್ ಮೀಟರ್ ಕೊಳ್ಳಿ. ಜನ ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅದು ತೋರಿಸುತ್ತದೆ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 420 ಭಾಗ ಇರುತ್ತದೆ. ಒಳಗೆ 800ರ ಕೆಳಗಿದ್ದರೆ ಆಟ ಮುಂದುವರಿಸಿ. 1000 ದಾಟಿದರೆ ಮುಂದಿನ ವಿರಾಮದಲ್ಲಿ ಎಲ್ಲರೂ ಹೊರಗೆ, ಬಾಗಿಲು-ಕಿಟಕಿ ಪೂರ್ತಿ ತೆರೆದು ಅಂಕಿ ಇಳಿದ ಮೇಲೆ ಒಳಗೆ. ಅಗ್ಗದ ಕೆಲವು ಮೀಟರ್‌ಗಳು ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ, ಬೇರೆ ಅನಿಲಗಳಿಂದ ಊಹಿಸುತ್ತವೆ. ಕೊಂಡ ದಿನ ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿಯ ಮುಚ್ಚಳ ತೆಗೆದಿಡಿ. ಅಂಕಿ ಜಿಗಿದರೆ ಹಿಂದಿರುಗಿಸಿ. ಅವಕೆಂಪು ಕಿರಣದಿಂದ ಈ ಅನಿಲವನ್ನೇ ಅಳೆಯುವ ಎನ್‌ಡಿಐಆರ್ ಸಂವೇದಕ ಇರುವುದನ್ನು ಕೇಳಿ ಪಡೆಯಿರಿ. ಮೀಟರನ್ನು ಬಾಗಿಲ ಬಳಿ ಇಡದೆ ಕುಳಿತವರ ಮುಖದ ಎತ್ತರದಲ್ಲಿ, ಜನರಿಂದ ಎರಡು ಮೀಟರ್ ದೂರ ಇಡಿ.

ಚಾವಣಿಯ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಎರಡು ದೊಡ್ಡ ಪೆಡೆಸ್ಟಲ್ ಫ್ಯಾನ್‌ಗಳನ್ನು ಒಂದು ಬದಿಯ ಬಾಗಿಲಲ್ಲಿ ಹೊರಮುಖವಾಗಿ ನಿಲ್ಲಿಸಿ, ಎದುರಿನ ಬಾಗಿಲು ತೆರೆದಿಡಿ.

ಎಲ್ಲರ ಕಣ್ಣೂ ಆಟಗಾರರ ಮೇಲಿರುವಾಗ ಮರೆತುಹೋಗುವುದು ಸ್ಕೋರರ್ ಮೇಜು. ಸ್ಕೋರರ್, ಸಹಾಯಕ ಸ್ಕೋರರ್, ಟೈಮರ್, 24 ಸೆಕೆಂಡಿನ ಗಡಿಯಾರ ನೋಡುವವರು ನಾಲ್ವರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಗದ್ದಲದಲ್ಲಿ ಒಬ್ಬರ ಕಿವಿಯ ಹತ್ತಿರ ಒಬ್ಬರು ಕೂಗುತ್ತಾರೆ. ಫೌಲ್ ಹೇಳಲು ರೆಫ್ರಿ ಏದುಸಿರು ಬಿಡುತ್ತಾ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ತಂಡ ಒಂದು ಪಂದ್ಯ ಆಡಿ ಹೋಗುತ್ತದೆ, ಇವರು ದಿನಕ್ಕೆ ನಾಲ್ಕು ಪಂದ್ಯ ಅಲ್ಲೇ ಕೂತಿರುತ್ತಾರೆ. ಎಲ್ಲ ವಲಯಗಳಿಗೂ ಇದೇ ನಾಲ್ವರು ಹೋದರೆ ನೀವು ಕಷ್ಟಪಟ್ಟು ಮಾಡಿದ ವಲಯ ವಿಂಗಡಣೆಗೆ ಅರ್ಥವಿಲ್ಲ. ಎರಡು ಮೇಜು ಜೋಡಿಸಿ ನಡುವೆ ಒಂದೊಂದು ಕುರ್ಚಿಯ ಜಾಗ ಬಿಡಿ, ಎನ್95 ಮಾಸ್ಕ್ ಕೊಡಿ, ರೆಫ್ರಿ ಎರಡು ಮೀಟರ್ ದೂರದಿಂದ ಕೈಸನ್ನೆಯಲ್ಲೇ ಹೇಳಲಿ. ವಲಯಕ್ಕೊಂದು ಪ್ರತ್ಯೇಕ ಅಧಿಕಾರಿಗಳ ತಂಡ ಇರಲಿ. ಬಾಯಿಂದ ಊದುವ ಸೀಟಿಯ ಬದಲು ಕೈಯಲ್ಲಿ ಒತ್ತುವ ಎಲೆಕ್ಟ್ರಾನಿಕ್ ಸೀಟಿ ಸಿಗುತ್ತದೆ. ಆಟಗಾರರಿಗೆ ಅದರ ಸದ್ದು ಅಭ್ಯಾಸವಾಗಲು ಎರಡು ಅಭ್ಯಾಸ ಪಂದ್ಯದಲ್ಲಿ ಬಳಸಿ.

ಇನ್ನೊಂದು ಅಪಾಯ ಟೆಂಪೊ ಟ್ರಾವೆಲರ್. ಪಂದ್ಯದಲ್ಲಿ ಆಟದ ಸಮಯ 40 ನಿಮಿಷ. ಯಲಹಂಕದಿಂದ ಬನಶಂಕರಿಗೆ ಸಂಜೆ ಹೊರಟರೆ ಎಸಿ ಹಾಕಿ, ಕಿಟಕಿ ಮುಚ್ಚಿ, ಹಾಡು ಹೇಳುತ್ತಾ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕೂರುತ್ತೀರಿ. ಎಸಿ ಬೇಡ, ಕಿಟಕಿಗಳೆಲ್ಲ ತೆರೆದಿರಲಿ, ಮಾಸ್ಕ್ ಇರಲಿ, ತಿಂಡಿ ಇಳಿದ ಮೇಲೆ. ಮೆಟ್ರೊ ಹತ್ತಿರವಿದ್ದರೆ ಜನದಟ್ಟಣೆ ಇಲ್ಲದ ಬೆಳಗಿನ ವೇಳೆ ನೋಡಿಕೊಳ್ಳಿ.

ಹಂತ 7: ಪರೀಕ್ಷೆ ಯಾವಾಗ, ಯಾವುದು

ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಾಣುವಿನ ಚೂರನ್ನೂ ಹಿಡಿಯುತ್ತದೆ. ಅದರಿಂದ ಗುಣವಾದವರಲ್ಲೂ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು. ರ‍್ಯಾಪಿಡ್ ಆ್ಯಂಟಿಜೆನ್ ಪರೀಕ್ಷೆ ಹೆಚ್ಚು ಹರಡುವ ದಿನಗಳಲ್ಲಿ ಚೆನ್ನಾಗಿ ಹಿಡಿಯುತ್ತದೆ, ಶುರುವಿನ ದಿನಗಳಲ್ಲಿ ತಪ್ಪಿಸಿಕೊಳ್ಳುತ್ತದೆ. ಹೀಗಾಗಿ ಪಂದ್ಯದ ದಿನ ಬೆಳಗ್ಗೆ ಆ್ಯಂಟಿಜೆನ್, ಅನುಮಾನ ಬಂದರೆ ಆರ್‌ಟಿ-ಪಿಸಿಆರ್. ‘ಮೂರು ದಿನದ ಹಿಂದೆ ನೆಗೆಟಿವ್ ಬಂದಿತ್ತು’ ಎಂಬ ಕಾಗದ ಇಂದಿನ ಗಂಟಲು ನೋವಿಗೆ ಉತ್ತರವಲ್ಲ. ಲಕ್ಷಣ ಇದ್ದರೆ ವರದಿ ಏನೇ ಹೇಳಲಿ, ಆತ ಮನೆಯಲ್ಲಿರಬೇಕು.

ಹಣ ಸಾಲದಿದ್ದರೆ ಎಲ್ಲರಿಗೂ ವಾರಕ್ಕೊಮ್ಮೆ ಮಾಡಿಸುವುದಕ್ಕಿಂತ ಪಂದ್ಯದ ದಿನ ಆಡುವ 12 ಮಂದಿ, ಕೋಚ್, ಅಧಿಕಾರಿಗಳಿಗೆ ಮಾತ್ರ ಮಾಡಿಸಿ. ಉಷ್ಣಮಾಪಕದ ಗನ್ ಬಾಗಿಲಲ್ಲಿ ಹಿಡಿದು ನಿಲ್ಲುವುದರಿಂದ ಹೆಚ್ಚು ಉಪಯೋಗವಿಲ್ಲ. ಬೆಳಗ್ಗೆ 6ಕ್ಕೆ ‘ಜ್ವರ, ಕೆಮ್ಮು, ಗಂಟಲು, ಭೇದಿ, ಮನೆಯಲ್ಲಿ ಯಾರಿಗಾದರೂ?’ ಎಂದು ಸಂಯೋಜಕರು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕೇಳುವ ಸಂದೇಶ ಅದಕ್ಕಿಂತ ಕೆಲಸಕ್ಕೆ ಬರುತ್ತದೆ. ಸಲಹೆಗೆ ರಾಜ್ಯದ ಆರೋಗ್ಯ ಸಹಾಯವಾಣಿ 104, ಆಂಬುಲೆನ್ಸ್‌ಗೆ 108 ಸಂಖ್ಯೆ ಎಲ್ಲರ ಫೋನಿನಲ್ಲೂ ಇರಲಿ. ಕೋಣೆಯಲ್ಲಿ ಒಬ್ಬರೇ ಇದ್ದು ಕುಗ್ಗಿಹೋದ ಮಕ್ಕಳಿಗೆ ಟೆಲಿ-ಮಾನಸ್ 14416.

ಹಂತ 8: ಮರಳಿ ಕೋರ್ಟಿಗೆ

ಆತುರದಿಂದ ಹೆಚ್ಚು ಹಾನಿಯಾಗುವುದು ಇಲ್ಲಿ. ಎರಡು ಬಗೆಯ ಮರಳುವಿಕೆ ಇದೆ, ಎರಡನ್ನೂ ಕಲಸಬೇಡಿ.

ಲಾಕ್‌ಡೌನ್‌ನಿಂದ ಅಭ್ಯಾಸ ನಿಂತು, ಆರೋಗ್ಯವಾಗಿಯೇ ಇದ್ದವರಿಗೆ ನಾಲ್ಕು ವಾರದ ಏರಿಕೆ ಸಾಕು. ಮೊದಲ ವಾರ ಮಾಮೂಲಿ ಅಭ್ಯಾಸಕ್ಕಿಂತ ಶೇ 50 ಕಡಿಮೆ, ಎರಡನೇ ವಾರ ಶೇ 30, ಮೂರನೇ ವಾರ ಶೇ 20, ನಾಲ್ಕನೇ ವಾರ ಶೇ 10 ಕಡಿಮೆ. ವಾರಕ್ಕೆ 10 ಗಂಟೆ ಅಭ್ಯಾಸ ಮಾಡುತ್ತಿದ್ದ ತಂಡ 5, 7, 8, 9 ಗಂಟೆ ಎಂದು ಏರಬೇಕು. ಜಿಗಿತ ಮತ್ತು ದಿಢೀರ್ ತಿರುವಿನ ಡ್ರಿಲ್‌ಗಳಿಗೂ ಇದೇ ಲೆಕ್ಕ. ಸಿಮೆಂಟ್ ನೆಲದಲ್ಲಿ ಮೊದಲ ವಾರವೇ ಪೂರ್ತಿ ಜಿಗಿಸಿದರೆ ಮೊಣಕಾಲ ಕೆಳಗಿನ ಎಲುಬು, ಹಿಮ್ಮಡಿಯ ಸ್ನಾಯುರಜ್ಜು ನೋಯಲು ಶುರುವಾಗುತ್ತವೆ.

ಸೋಂಕು ಬಂದು ಹೋದವರ ದಾರಿ ಬೇರೆ. ಕೋವಿಡ್‌ನ ಆರಂಭದಲ್ಲಿ ಕ್ರೀಡಾ ವೈದ್ಯರು ಪಾಲಿಸಿದ ಎಚ್ಚರಿಕೆಯ ಕ್ರಮ ಹೀಗಿತ್ತು: ಕನಿಷ್ಠ 10 ದಿನ ವಿಶ್ರಾಂತಿ, ಅದರಲ್ಲಿ ಕೊನೆಯ 7 ದಿನ ಯಾವ ಲಕ್ಷಣವೂ ಇರಬಾರದು. ಆಮೇಲೆ ಎರಡು ದಿನ 15 ನಿಮಿಷದ ನಡಿಗೆ ಅಥವಾ ಸೈಕಲ್, ಗರಿಷ್ಠ ಹೃದಯ ಬಡಿತದ ಶೇ 70ರೊಳಗೆ. ನಂತರ ಒಂದು ದಿನ 30 ನಿಮಿಷ, ಒಂದು ದಿನ 45 ನಿಮಿಷ, ಎರಡು ದಿನ 60 ನಿಮಿಷ, ಇವು ಶೇ 80ರೊಳಗೆ. ಅದಾದ ಮೇಲೆ ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಗರಿಷ್ಠ ಬಡಿತದ ಒರಟು ಲೆಕ್ಕ 220ರಲ್ಲಿ ವಯಸ್ಸು ಕಳೆಯುವುದು. 20 ವರ್ಷದವರಿಗೆ 200. ಶೇ 70 ಎಂದರೆ 140, ಶೇ 80 ಎಂದರೆ 160. ವಾಚ್ ಇಲ್ಲದಿದ್ದರೆ ಕತ್ತಿನ ಬದಿಯಲ್ಲಿ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ: 35 ಬಂದರೆ 140, 40 ಬಂದರೆ 160. ಯಾವ ಹಂತದಲ್ಲಿ ಲಕ್ಷಣ ಮರಳಿದರೂ ಒಂದು ದಿನ ಬಿಟ್ಟು, ಹಿಂದಿನ ಹಂತದಿಂದ ಶುರು. ಹೊಸ ರೋಗವಾದರೆ ವೈದ್ಯರು ಈ ದಿನಗಳನ್ನು ಬದಲಿಸುತ್ತಾರೆ, ಏರುವ ಕ್ರಮ ಮಾತ್ರ ಉಳಿಯುತ್ತದೆ.

ಎದೆ ನೋವು, ಎದೆ ಬಡಿತ ಏರುಪೇರು, ಮಾಡಿದ ಶ್ರಮಕ್ಕೆ ಮೀರಿದ ಏದುಸಿರು, ತಲೆ ಸುತ್ತಿ ಬೀಳುವುದು — ಇವುಗಳಲ್ಲಿ ಒಂದು ಕಂಡರೂ ಆಟ ಅಲ್ಲಿಗೇ ನಿಲ್ಲಬೇಕು, ಹೃದ್ರೋಗ ತಜ್ಞರನ್ನು ಕಾಣಬೇಕು. ವೈರಾಣು ಸೋಂಕಿನ ನಂತರ ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟಾಗಬಹುದು. ಇದಕ್ಕೆ ಮಯೋಕಾರ್ಡೈಟಿಸ್ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಓಡಿದರೆ ಜೀವಕ್ಕೇ ಅಪಾಯ. ಸಾಮಾನ್ಯವಾಗಿ 3ರಿಂದ 6 ತಿಂಗಳು ಸ್ಪರ್ಧೆ ಬಿಡಬೇಕಾಗುತ್ತದೆ.

ಬಲಾಢ್ಯ ತಂಡಕ್ಕೂ ಲಯ ಹಿಡಿಯಲು ಸಮಯ ಬೇಕು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ತಂಡ 2021ರ ಫೆಬ್ರುವರಿಯಲ್ಲಿ ಸೋಂಕಿನಿಂದ ಸುಮಾರು ಮೂರು ವಾರ ನಿಂತಿತು. ಅಲ್ಲಿಯವರೆಗೆ ಸೋಲೇ ಕಾಣದ ತಂಡ, ಮರಳಿದ ವಾರದಲ್ಲೇ ಕಾನ್ಸಾಸ್ ಎದುರು ಸೋತಿತು. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದೂ ಅದೇ ತಂಡ. ವಿರಾಮ ಮುಗಿದ ತಂಡಕ್ಕೆ ಮೊದಲ ವಾರ ಒಂದೇ ಪಂದ್ಯ ಕೊಡಿ.

ಹಂತ 9: ಹಣ ಮತ್ತು ಕಾಗದ

ಖರ್ಚನ್ನು ಎರಡು ಭಾಗ ಮಾಡಿ: ಪಂದ್ಯ ನಡೆದರೆ ಮಾತ್ರ ಆಗುವುದು (ರೆಫ್ರಿ ಸಂಭಾವನೆ, ವಾಹನ, ಊಟ), ನಡೆಯದಿದ್ದರೂ ಆಗುವುದು (ಜೆರ್ಸಿ, ಟ್ರೋಫಿ, ಮುಂಗಡ ಬಾಡಿಗೆ). ಎರಡನೆಯದನ್ನು ಕುಗ್ಗಿಸಿ. ಜೆರ್ಸಿಯ ಮೇಲೆ, ಟ್ರೋಫಿಯ ಮೇಲೆ ದಿನಾಂಕ ಅಚ್ಚು ಹಾಕಿಸಬೇಡಿ. ಭಾರತದಲ್ಲೇ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ 2021ರ ಆವೃತ್ತಿ ಬೆಂಗಳೂರಿನಲ್ಲಿ ನಡೆದದ್ದು 2022ರ ಏಪ್ರಿಲ್-ಮೇನಲ್ಲಿ. ಬಾಡಿಗೆ ಕರಾರಿನಲ್ಲಿ ‘ಸರ್ಕಾರಿ ಆದೇಶದಿಂದ ನಿಂತರೆ ಮುಂಗಡ ವಾಪಸು ಅಥವಾ ಹೊಸ ದಿನಾಂಕ’ ಎಂಬ ಸಾಲು ಇಲ್ಲದೆ ಸಹಿ ಹಾಕಬೇಡಿ. ಪ್ರವೇಶ ಶುಲ್ಕವನ್ನು ಒಮ್ಮೆಲೇ ತೆಗೆದುಕೊಳ್ಳದೆ ಸುತ್ತಿಗೊಂದು ಕಂತಾಗಿ ಪಡೆಯಿರಿ.

ಕೊನೆಯ ವರ್ಷದ ವಿದ್ಯಾರ್ಥಿಗಳ ವಿಷಯದಲ್ಲಿ ವಿಶೇಷ ಕಾಳಜಿ ಬೇಕು. ಎನ್‌ಸಿಎಎ 2020-21ರ ಆಟಗಾರರಿಗೆ ಒಂದು ವರ್ಷ ಹೆಚ್ಚುವರಿ ಅರ್ಹತೆ ಕೊಟ್ಟಿತು. ನಮ್ಮ ಮೂರು ವರ್ಷದ ಪದವಿ ಮುಗಿಸಿದ ಹುಡುಗಿ ಕಾಲೇಜು ಬಿಟ್ಟುಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಕ್ರೀಡಾ ಕೋಟಾದಲ್ಲಿ ಸ್ನಾತಕೋತ್ತರ ಸೀಟಿಗೆ, ಕೆಲಸಕ್ಕೆ ಅವಳಿಗೆ ಬೇಕಾಗುವುದು ಭಾಗವಹಿಸಿದ ಪ್ರಮಾಣಪತ್ರ. ಅದನ್ನು ಸಮಾರೋಪ ಸಮಾರಂಭಕ್ಕೆ ಎತ್ತಿಡಬೇಡಿ, ಸಮಾರೋಪ ನಡೆಯದೇ ಹೋಗಬಹುದು. ಮೊದಲ ಸುತ್ತು ಮುಗಿದ ವಾರದೊಳಗೆ, ಆಡಿದ ಪಂದ್ಯಗಳ ದಿನಾಂಕ ನಮೂದಿಸಿ, ಪ್ರಾಂಶುಪಾಲರ ಮತ್ತು ಟೂರ್ನಿ ಕಾರ್ಯದರ್ಶಿಯ ಸಹಿ-ಮೊಹರಿನೊಂದಿಗೆ ಕೈಗೆ ಕೊಡಿ. ಸಹಿಯಾದ ಸ್ಕೋರ್‌ಶೀಟನ್ನು ಪಂದ್ಯ ಮುಗಿದ ಅಂದೇ ಫೋಟೊ ತೆಗೆದು ಎರಡೂ ಕಾಲೇಜುಗಳ ಇಮೇಲ್‌ಗೆ ಕಳಿಸಿ. ಮೂಲ ಪ್ರತಿ ಬೀಗ ಹಾಕಿದ ಕಚೇರಿಯಲ್ಲಿ ಉಳಿದರೂ, ತಿಂಗಳುಗಟ್ಟಲೆ ಬಾಗಿಲು ತೆರೆಯದಿದ್ದರೂ, ಅವಳ ಅರ್ಜಿ ಕಾಯಬೇಕಾಗುವುದಿಲ್ಲ.